ನಾಲೆ ಏರಿಯ ಮೇಲೆ ನಡೆದು ಹೋಗುವವಳು

ಏರಿ ಮುಚ್ಚಿದ ನೂರಾ ಆರನೆಯ ವರ್ಷ
ಕಟ್ಟಿನ ಮೊದಲ ದಿನ, ಬೆಳಿಗ್ಗೆ
ಸಂಗಮದ ಮೆಟ್ಟಿಲು, ಶ್ರೀರಂಗಪಟ್ಟಣ

ಹಿಂದಿನವರೇ,

ಮೇಲಿನ ತಾರೀಖನ್ನು ನಿಮ್ಮ ಯಾವ ಪಂಚಾಂಗದಲ್ಲಿ ಹುಡುಕಿದರೂ ಸಿಗುವುದಿಲ್ಲ, ಕ್ಷಮಿಸಿ. ನಾವು ವರ್ಷವನ್ನು ನೀರಿನಿಂದ ಎಣಿಸುತ್ತೇವೆ. ಅಣೆಕಟ್ಟಿನಿಂದ ನಾಲೆಗೆ ಬಿಡುವ ಮೊದಲ ಸರದಿ ಮೊದಲ ನೀರು, ಆಮೇಲಿನದು ಎರಡನೇ ನೀರು. ತೂಬು ಇಳಿಸಿ ಹೂಳು ಎತ್ತುವ ಬಿಸಿಲುಗಾಲವೇ ಕಟ್ಟು. ಏರಿ ಮುಚ್ಚಿದ್ದು ಎಂದರೆ ಈ ನಾಲೆಯ ಏರಿಯ ಮೇಲೆ ಎಂಜಿನ್ ಇರುವ ಯಾವ ಗಾಡಿಯೂ ಓಡಬಾರದೆಂದು ಎರಡು ತುದಿಗೂ ಕಲ್ಲು ನೆಟ್ಟದ್ದು. ಆ ವರ್ಷ ನಿಮಗೆ ಇನ್ನೂ ಬಂದಿಲ್ಲ. ಆದರೆ ಅದನ್ನು ತಂದವರು ನಿಮ್ಮಲ್ಲೇ ಎಲ್ಲೋ ಈಗ ಓಡಾಡಿಕೊಂಡಿದ್ದಾರೆ. ನನ್ನ ಕನ್ನಡದಲ್ಲಿ ನಿಮಗೆ ವಿಚಿತ್ರವೆನಿಸುವ ಮಾತುಗಳು ಬರುತ್ತವೆ. ಬಂದಲ್ಲೇ ಬಿಡಿಸಿ ಹೇಳುತ್ತೇನೆ.

ಈ ಕಾಗದದ ಹೆಸರು ಹಿನ್ನೋಲೆ. ಏರಿ ಸಭೆಗೆ, ಅಂದರೆ ಈ ದಾರಿಯನ್ನು ನೋಡಿಕೊಳ್ಳುವ ಊರವರ ಸಭೆಗೆ, ಹೊಸದಾಗಿ ಸೇರಿದ ಪ್ರತಿಯೊಬ್ಬರೂ ಮೊದಲ ವರ್ಷ ಮುಗಿದ ಮೇಲೆ ದಾರಿ ಮಾಡಿಕೊಟ್ಟವರಿಗೆ ಒಂದು ಹಿನ್ನೋಲೆ ಬರೆಯಬೇಕು. ಅದು ತಲುಪುತ್ತದೆ ಎಂದು ನಂಬುವವರು ಯಾರೂ ಇಲ್ಲ, ಬರೆಯದೆ ತಪ್ಪಿಸಿಕೊಂಡವರೂ ಇಲ್ಲ. ಹೆಚ್ಚಿನವರು ಕೃತಜ್ಞತೆ ಬರೆಯುತ್ತಾರೆ. ನನಗೂ ಕೃತಜ್ಞತೆ ಇದೆ. ಆದರೆ ನಾನು ಬರೆಯುತ್ತಿರುವುದು ಒಂದು ಬೇಡಿಕೆಗಾಗಿ. ನಿಮ್ಮ ಕರಪತ್ರದ ಒಂದು ವಾಕ್ಯದಿಂದ ಈ ವರ್ಷ ನಮ್ಮ ದಾರಿ ಕೈತಪ್ಪಿ ಹೋಗುವುದರಲ್ಲಿತ್ತು.

ನನ್ನ ಹೆಸರು ಹೊಂಬಾಳೆ. ಊರು ಹೊಸತೂಬಿನ ಕೊಪ್ಪಲು. ವಯಸ್ಸು ಇಪ್ಪತ್ತು. ಶಾಲೆಯಲ್ಲಿ ಕಲಿತದ್ದು ಕಡಿಮೆ. ನಮ್ಮೂರಿನ ಗಾಲಿಛತ್ರದ ಅಟ್ಟದಲ್ಲಿ, ಅಂದರೆ ಸೈಕಲ್ಲಿನವರು ತಂಗುವ ಮನೆಯ ಅಟ್ಟದಲ್ಲಿ, ನಿಮ್ಮ ಕಾಲದ ಕರಪತ್ರಗಳ ಕಂತೆಗಳಿವೆ. ಗೆದ್ದಲು ಬಿಟ್ಟದ್ದನ್ನೆಲ್ಲ ಓದಿದ್ದೇನೆ. ವೇಗವೆನ್ನುವುದು ಯಾರದೋ ನೆಮ್ಮದಿಯಿಂದ ಕದ್ದು ತಂದ ಸರಕು ಎಂದು ಕಲಿತದ್ದು ಅಲ್ಲಿಂದ. ರಸ್ತೆ ದಾಟಲು ಹೆದರುವ ಮಗು ಇರುವ ಊರು ಸ್ವತಂತ್ರ ಊರಲ್ಲ ಎಂದು ಕಲಿತದ್ದೂ ಅಲ್ಲಿಂದಲೇ. ಇದನ್ನೆಲ್ಲ ನಾನು ಕಂಡ ಕಂಡವರಿಗೆ ಹೇಳುತ್ತೇನೆ. ಅದಕ್ಕೇ ಊರಿನವರು ನಾನು ಬರುವುದನ್ನು ಕಂಡರೆ ಹಾಲು ಕರೆಯುವುದಿದೆ ಎಂದು ಎದ್ದು ಹೋಗುತ್ತಾರೆ, ಹಸು ಇಲ್ಲದವರೂ ಕೂಡ.

ಮೊದಲು ನೀವು ಕೊಟ್ಟ ದಾರಿ ಹೇಗಿದೆ ಎಂದು ಹೇಳಬೇಕು. ಅದು ನಿಮಗೆ ಸಲ್ಲಬೇಕಾದದ್ದು. ದಾರಿ ಕನ್ನಂಬಾಡಿ ಅಣೆಯ ಕೆಳಗಿನ ಕಲ್ಲಿನಿಂದ ಹೊರಡುತ್ತದೆ. ಎಡಕ್ಕೆ ನಾಲೆ, ಬಲಕ್ಕೆ ಗದ್ದೆ. ಮೊದಲ ನೀರಿನಲ್ಲಿ ಹೊರಟರೆ ನಾಟಿಯ ಹಸಿರು ಕಣ್ಣಿನ ಮಟ್ಟಕ್ಕಿಂತ ಕೆಳಗೆ ಹಾಸಿಕೊಂಡಿರುತ್ತದೆ, ಏಕೆಂದರೆ ಏರಿ ಎತ್ತರ. ಎರಡನೇ ನೀರಿನ ಹೊತ್ತಿಗೆ ಕಬ್ಬು ಎದ್ದು ದಾರಿಗೆ ಗೋಡೆಯಾಗುತ್ತದೆ. ಆಗ ಗಾಳಿಯಲ್ಲಿ ಆಲೆಮನೆಯ ವಾಸನೆ. ಬೆಲ್ಲದ ಹೊಗೆ ಯಾವ ಕಡೆಯಿಂದ ಬರುತ್ತದೆಂದು ಮೂಸಿ ಯಾವ ಊರು ಹತ್ತಿರ ಬಂತೆಂದು ಕಣ್ಣು ಮುಚ್ಚಿ ಹೇಳುವವರಿದ್ದಾರೆ. ಕಣ್ಣು ಮುಚ್ಚಿ ಹೇಳಲು ಹೋಗಿ ನಾಲೆಗೆ ಬಿದ್ದವರೂ ಇದ್ದಾರೆ. ನಾಲೆಗೆ ಬಿದ್ದ ಸೈಕಲ್ಲನ್ನು ಎತ್ತಿಕೊಟ್ಟವರಿಗೆ ಒಂದು ಅಚ್ಚು ಬೆಲ್ಲ ಕೊಡಬೇಕೆನ್ನುವುದು ನಮ್ಮ ಕಡೆಯ ನೇಮ.

ನಮ್ಮ ಸೈಕಲ್ಲುಗಳ ಚೌಕಟ್ಟು ಬಿದಿರಿನದು. ಗಾಲಿ ಮಾತ್ರ ಲೋಹದ್ದು. ಜಾಲಿಮುಳ್ಳು ನಿಮ್ಮನ್ನು ಕಾಡಿದಂತೆಯೇ ನಮ್ಮನ್ನೂ ಕಾಡುತ್ತದೆ. ಅದಕ್ಕೆ ನೂರು ವರ್ಷದಲ್ಲಿ ಯಾರೂ ಮದ್ದು ಕಂಡುಹಿಡಿದಿಲ್ಲ. ಬಿಸಿಲು ಮಾತ್ರ ನಿಮ್ಮ ಕಾಲದಂತಿಲ್ಲ. ಹೊತ್ತು ನೆತ್ತಿಗೆ ಏರುವ ಮೊದಲು ಛತ್ರದವರು ತಮಟೆ ಬಡಿಯುತ್ತಾರೆ. ಅದು ಬಿಸಿಲುಮುಚ್ಚು. ಆಗಿನಿಂದ ನೆರಳು ಉದ್ದವಾಗುವ ತನಕ ಏರಿಯ ಮೇಲೆ ಯಾರೂ ಓಡಾಡಬಾರದು. ಎಲ್ಲರೂ ಛತ್ರದಲ್ಲಿ ಮಲಗುತ್ತಾರೆ, ಹರಟುತ್ತಾರೆ, ಹುರುಳಿಸಾರು ಉಣ್ಣುತ್ತಾರೆ. ಉಳಿದ ಹೊತ್ತಿಗೆ ಮರಗಳಿವೆ. ಹೊಂಗೆ, ಹಿಪ್ಪೆ, ನೇರಳೆ, ಅತ್ತಿ. ಪ್ರತಿ ಮನೆಗೂ ಏರಿಯ ಮೇಲೆ ಇಷ್ಟು ದೂರದ ನೆರಳು ಎಂದು ಹಂಚಿಕೆಯಾಗಿದೆ. ಅದನ್ನು ನೆರಳುಪಾಲು ಎನ್ನುತ್ತೇವೆ. ಹೆಣ್ಣು ಕೇಳಲು ಬಂದವರು ಮನೆಯ ಒಳಗೆ ಬರುವ ಮೊದಲು ಆ ಮನೆಯ ನೆರಳುಪಾಲಿನ ಕೆಳಗೆ ನಿಂತು ತಲೆ ಎತ್ತಿ ನೋಡುತ್ತಾರೆ. ಬಿಸಿಲು ಮುಖಕ್ಕೆ ಬಿದ್ದರೆ ಸಂಬಂಧ ಮುರಿದಂತೆ.

ದಾರಿಯ ಕೊನೆಗೆ ನದಿ ದಾಟಿ ಶ್ರೀರಂಗಪಟ್ಟಣದ ಕೋಟೆ, ಅದರಾಚೆ ಸಂಗಮದಲ್ಲಿ ಕೊನೆಯ ಕಲ್ಲು ಸಿಗುತ್ತದೆ. ಕೋಟೆಯ ಬಾಗಿಲ ಹಾಸುಗಲ್ಲುಗಳು ಹಳೆಯವು, ಸವೆದು ಜಾರುವಂಥವು. ಹಾಗಾಗಿ ಅಲ್ಲಿ ಎಲ್ಲರೂ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡೇ ಹೋಗಬೇಕು. ಆಚೆ ಬಾಗಿಲು ದಾಟಿದ ಮೇಲೆ ಮತ್ತೆ ಹತ್ತಬಹುದು. ನನಗೆ ಇಡೀ ದಾರಿಯಲ್ಲಿ ಹೆಚ್ಚು ಇಷ್ಟವಾದ ಭಾಗ ಅದೇ. ಬೆಳಿಗ್ಗೆ ಮೂರು ಕಡೆಯ ದಾರಿಗಳಿಂದ ಬಂದವರು ಬಾಗಿಲಲ್ಲಿ ಸೇರುತ್ತಾರೆ. ಹೂವಿನವರು, ಶಾಲೆಯ ಮಕ್ಕಳು, ಕೆಲಸಕ್ಕೆ ಹೋಗುವವರು, ಎಲ್ಲರೂ ಒಂದೇ ಹೆಜ್ಜೆಗೆ ಬರುತ್ತಾರೆ. ಕಮಾನಿನ ಕೆಳಗೆ ನೂರಾರು ಗಾಲಿಗಳ ಟಿಕ್ ಟಿಕ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಿಮ್ಮ ಕಾಲದಲ್ಲಿ ಆ ಬೀದಿಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ ಎಂದು ಓದಿದ್ದೇನೆ. ಈಗ ಕೋಟೆಯ ಈ ಬದಿಯಲ್ಲಿ ಕೆಮ್ಮಿದರೆ ಆ ಬದಿಯವರು ಶುಂಠಿ ಕಷಾಯ ಕುಡಿ ಎನ್ನುತ್ತಾರೆ.

ಇನ್ನು ವಾಕ್ಯದ ವಿಷಯ. ನಿಮ್ಮಲ್ಲಿ ಒಬ್ಬರು ಬರೆದ ಕರಪತ್ರವೇ ನಮ್ಮ ಕಾನೂನು. ಬರೆದವರು ಹೆಸರು ಹಾಕಿಲ್ಲ. ಹೆಣ್ಣೋ ಗಂಡೋ ನಮಗೆ ತಿಳಿಯದು. ಅದರಲ್ಲಿ ಹೀಗಿದೆ: ‘ಏರಿಯ ಪಕ್ಕದ ಪ್ರತಿ ಮನೆಯಿಂದ ಒಬ್ಬರಾದರೂ ವರ್ಷಕ್ಕೊಮ್ಮೆ ಸೈಕಲ್ ಮೇಲೆ ಈ ತುದಿಯಿಂದ ಆ ತುದಿಗೆ ಹೋಗಬೇಕು. ಒಂದು ಮನೆ ತಪ್ಪಿದರೂ ದಾರಿ ಜನರದ್ದಾಗಿ ಉಳಿಯುವುದಿಲ್ಲ, ಸರ್ಕಾರಕ್ಕೆ ಹಿಂದಿರುಗುತ್ತದೆ.’ ಇದನ್ನು ನಾವು ಮನೆಸವಾರಿ ಎನ್ನುತ್ತೇವೆ. ಒಂದು ಮನೆಯನ್ನೂ ಬಿಟ್ಟು ಹೋಗಬಾರದೆಂದು ನೀವು ಇಷ್ಟು ಬಿಗಿಯಾಗಿ ಬರೆದಿರಿ. ದೊಡ್ಡ ಮನೆಯವರು ಆಳುಗಳನ್ನು ಕಳಿಸಿ ಕೈತೊಳೆದುಕೊಳ್ಳಬಾರದೆಂದು, ಒಬ್ಬರ ಬದಲಿಗೆ ಇನ್ನೊಬ್ಬರು ಸವಾರಿ ಮಾಡುವಂತಿಲ್ಲ ಎಂದೂ ಬರೆದಿರಿ. ಆ ಪುಟ ನನಗೆ ಬಾಯಿಪಾಠ ಬರುತ್ತದೆ. ಅದರಷ್ಟು ನ್ಯಾಯವಾದ ಪುಟವನ್ನು ನಾನು ಓದಿಲ್ಲ. ದಾರಿ ಸರ್ಕಾರಕ್ಕೆ ಹಿಂದಿರುಗಿದರೆ ಏನಾಗುತ್ತದೆ ಎನ್ನುವುದು ಗುಟ್ಟೇನಲ್ಲ. ವೇಗಸಾಲಿನವರು ಕಾದು ಕುಳಿತಿದ್ದಾರೆ. ವೇಗಸಾಲು ಎಂದರೆ ಆಳಿಲ್ಲದ ಲಾರಿಗಳು ಒಂದರ ಬಾಲ ಒಂದು ಹಿಡಿದು ನಿಲ್ಲದೆ ಓಡುವ ರಸ್ತೆ. ಅದರ ಪಕ್ಕದಲ್ಲಿ ಮರ ಇರಕೂಡದು, ಮನೆ ಇರಕೂಡದು, ನಾಯಿ ಕೂಡ ಇರಕೂಡದು.

ಈ ವರ್ಷ ಒಂದು ಮನೆ ಕಡಿಮೆ ಬಿತ್ತು. ಅದು ನಮ್ಮೂರಿನ ಗುಲಾಬಕ್ಕನ ಮನೆ.

ಗುಲಾಬಕ್ಕ ಕುಂದಾಪುರದ ಕಡೆಯವರು. ಅವರ ಊರು ಹೊಳೆಗೂ ಕಡಲಿಗೂ ನಡುವೆ ಒಂದು ಮರಳಿನ ಪಟ್ಟಿಯಾಗಿತ್ತಂತೆ. ಕಡಲು ಏರಿ ಅದನ್ನು ತೆಗೆದುಕೊಂಡ ಮೇಲೆ, ಮದುವೆಯಾದ ಹೊಸತರಲ್ಲಿ, ಗಂಡ ಶೀನಣ್ಣನ ಜೊತೆ ಇಲ್ಲಿಗೆ ಬಂದರು. ನಾಲೆಯಲ್ಲಿ ಬಲೆ ಹಾಕಿ ಜಿಲೇಬಿ ಮೀನು ಹಿಡಿಯುವುದು ಗಂಡನ ಕೆಲಸ, ಅದನ್ನು ಉಪ್ಪು ಹಾಕಿ ಒಣಗಿಸಿ ಮಾರುವುದು ಹೆಂಡತಿಯ ಕೆಲಸ. ಶೀನಣ್ಣ ಬಂದ ವರ್ಷವೇ ಸೈಕಲ್ ಕಲಿತರು. ಪ್ರತಿ ವರ್ಷ ಅವರೇ ಮನೆಸವಾರಿ ಮಾಡುತ್ತಿದ್ದರು. ಗುಲಾಬಕ್ಕ ಕಲಿಯಲಿಲ್ಲ. ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ದಿನಾ ಬೆಳಿಗ್ಗೆ ಏರಿಯ ಮೇಲೆ ನಡುದಾರಿಯ ಛತ್ರದವರೆಗೆ ನಡೆದು ಹೋಗಿ ನಡೆದು ಬರುವುದು ಅವರ ರೂಢಿ. ಈ ವರ್ಷದ ಮೊದಲ ನೀರಿನಲ್ಲಿ ಶೀನಣ್ಣ ಜ್ವರದಿಂದ ತೀರಿಕೊಂಡರು. ಮಕ್ಕಳಿಲ್ಲ. ಮನೆಯಲ್ಲಿ ಗುಲಾಬಕ್ಕ ಒಬ್ಬರೇ ಉಳಿದರು, ಬಲೆ ಹಾಕುವುದೂ ಅವರ ಕೆಲಸವೇ ಆಯಿತು.

ಎರಡನೇ ನೀರು ಅರ್ಧ ಮುಗಿದಾಗ ಸಭೆ ನನ್ನನ್ನು ಅವರ ಮನೆಗೆ ಕಳಿಸಿತು. ಚಿಕ್ಕವಳು ಹೋದರೆ ಕೇಳುತ್ತಾರೆ ಎಂದು ಲೆಕ್ಕ. ಅಂಗಳದ ತುಂಬ ಮೀನು ಹರಡಿತ್ತು. ಕಾಗೆ ಓಡಿಸಲು ಕೈಯಲ್ಲಿ ಒಂದು ಕೋಲು ಹಿಡಿದು ಗುಲಾಬಕ್ಕ ಜಗುಲಿಯಲ್ಲಿ ಕೂತಿದ್ದರು. ನಾನು ನಿಂತೇ ಶುರುಮಾಡಿದೆ. ದಾರಿ ಎಂದರೇನು, ಅದನ್ನು ಯಾರು ಕೊಟ್ಟರು, ವೇಗಸಾಲು ಬಂದರೆ ನಮ್ಮ ಮಕ್ಕಳ ಗತಿ ಏನು, ಅರವತ್ತು ದಾಟಿದವರೂ ವಾರದಲ್ಲಿ ಹೇಗೆ ಸೈಕಲ್ ಕಲಿಯಬಹುದು ಎಂದು ಹೇಳುತ್ತ ಹೋದೆ. ಅವರು ಕಾಗೆ ಓಡಿಸುತ್ತ ಪೂರ್ತಿ ಕೇಳಿದರು. ಆಮೇಲೆ, ‘ಕೂತ್ಕೊ ಮಾರಾಯ್ತಿ, ನಿನ್ನ ಕಾಲು ನೋವು ಬಪ್ಪುದು. ನಡ್ದು ಅಭ್ಯಾಸ ಇಲ್ಲ ನಿಂಗೆ’ ಎಂದರು.

ಕೂತೆ. ಅವರು ಹೇಳಿದ್ದನ್ನು ನಾನು ಆದಷ್ಟು ಅವರ ಮಾತಿನಲ್ಲೇ ಬರೆಯುತ್ತೇನೆ, ನನ್ನ ಮಾತಿನಲ್ಲಿ ಬರೆದರೆ ಅದು ಕರಪತ್ರವಾಗಿಬಿಡುತ್ತದೆ. ಅವರ ಕಡೆ ‘ಎಡಿತಾ’ ಎಂದರೆ ಆಗುತ್ತದೆಯೇ ಎಂದು. ‘ಮೂವತ್ತು ವರ್ಷ ಆಯ್ತು ಮಗಾ ನಾ ಈ ಏರಿ ಮೇಲೆ ಹೋಪುಕೆ ಹಿಡ್ದು. ದಿನಾ ಹಿಂದಿಂದ ಟ್ರಿಣ್ ಅಂತೀರಿ. ನಾ ಬದಿಗೆ ಹೋತೆ. ಬದಿಯಲ್ಲಿ ಮುಳ್ಳು. ಮತ್ತೆ ದಾರಿಗೆ ಬತ್ತೆ. ಮತ್ತೆ ಟ್ರಿಣ್. ಬುಟ್ಟಿ ಇಟ್ಕೊಂಡವ್ಳಿಗೆ ತಿರುಗಿ ಕಾಂಬುಕೆ ಎಡಿತಾ? ನೀನೂ ಹೊಡ್ದಿದ್ದಿ, ಸಣ್ಣವಳಿದ್ದಾಗ. ನಿನ್ನ ಗಂಟೆ ಸದ್ದು ನಂಗೆ ಗೊತ್ತು, ಸ್ವಲ್ಪ ಒಡ್ಕು. ಇದು ಗಾಡಿ ಇಲ್ದಿದ್ದ ದಾರಿ ಅಂತ ಊರೆಲ್ಲ ಹೇಳ್ತ್ರಿ. ನಿಮ್ಗೆ ಇಲ್ಲ. ನಂಗೆ ನೀವೇ ಗಾಡಿ.’

ಹೋಗಲಿ, ದಾರಿ ಹೋದರೆ ನಿಮಗೂ ನಷ್ಟವಲ್ಲವೇ ಎಂದು ಕೇಳಿದೆ. ‘ನಷ್ಟವೇ’ ಎಂದರು. ‘ಲಾರಿ ಬಂದ್ರೆ ಬದಿಗೂ ಹೋಪುಕಾತಿಲ್ಲೆ. ಅದ್ಕೇ ಹೇಳ್ತಿದ್ದೆ. ನಾ ಈ ತುದಿಯಿಂದ ಆ ತುದಿಗೆ ನಡ್ದು ಬತ್ತೆ. ಎಣ್ಸಿ. ಸೈಕಲ್ ಮಾತ್ರ ಹತ್ತುದಿಲ್ಲ. ಹೆದ್ರಿಕೆಯಿಂದ ಅಲ್ಲ, ಮಗಾ. ದೋಣಿಯಲ್ಲಿ ನಿಂತು ಬಲೆ ಎಳ್ದವ್ಳಿಗೆ ನಿಮ್ಮ ಸೈಕಲ್ ಎಂತ ಹೆದ್ರಿಕೆ.’

ನಾನು ಇದನ್ನು ಸಭೆಗೆ ತಂದೆ. ಸಭೆಯ ಹಿರಿಯರು ಬೋರಲಿಂಗಯ್ಯನವರು. ಒಳ್ಳೆಯ ಮನುಷ್ಯ, ಯಾವ ಜಗಳವನ್ನೂ ಊಟದ ಹೊತ್ತಿನೊಳಗೆ ಮುಗಿಸಬೇಕೆನ್ನುವವರು. ಅವರು ಸ್ವಲ್ಪ ಯೋಚಿಸಿ ಒಂದು ಉಪಾಯ ಹುಡುಕಿದರು. ಕೋಟೆಯೊಳಗೆ ನಾವೆಲ್ಲ ಸೈಕಲ್ ತಳ್ಳಿಕೊಂಡು ನಡೆಯುತ್ತೇವಲ್ಲ, ಅದೂ ಸವಾರಿಯಲ್ಲಿ ಸೇರುತ್ತದಲ್ಲ, ಹಾಗಾದರೆ ಗುಲಾಬಕ್ಕ ಇಡೀ ದಾರಿ ಸೈಕಲ್ ತಳ್ಳಿಕೊಂಡು ನಡೆದರೆ ಆಯಿತು ಎಂದರು. ಎಲ್ಲರಿಗೂ ನಿರಾಳವಾಯಿತು. ಅವರೇ ನನ್ನ ಜೊತೆ ಗುಲಾಬಕ್ಕನ ಅಂಗಳಕ್ಕೆ ಬಂದು, ‘ನೋಡವ್ವಾ, ಹತ್ತೋದೇನು ಬ್ಯಾಡ. ಶೀನಣ್ಣನ ಸೈಕಲ್ ಸುಮ್ನೆ ಪಕ್ಕದಲ್ಲಿ ಇರ್ಲಿ. ತಳ್ಕಂಡು ಬಂದ್ಬುಡು. ಬೇಕಾದ್ರೆ ಬುಟ್ಟಿಯ ಅದ್ರ ಮ್ಯಾಲೇ ಮಡಿಕ್ಕೊ. ಎಣಿಸ್ಬುಡ್ತೀವಿ’ ಎಂದರು.

ಗುಲಾಬಕ್ಕ ನಕ್ಕರು. ‘ನಾ ನಡ್ದೆ ಅಂತ ಸಾಕ್ಷಿ ಹೇಳುಕೆ ಸೈಕಲ್ ಎಂತಕೆ ಬೋರ್ಲಿಂಗಣ್ಣ? ಅದ್ಕೆ ಬಾಯಿ ಉಂಟಾ?’

‘ಕಾನೂನಿಗೆ ಬೇಕಲ್ಲವ್ವಾ.’

‘ಹಂಗಾರೆ ಕಾನೂನಿಗೆ ಹೇಳಿ, ಒಂದಿನ ನನ್ನ ಬುಟ್ಟಿ ಹೊತ್ತು ಬಪ್ಪುಕೆ.’

ಬೋರಲಿಂಗಯ್ಯನವರು ದಾರಿಯುದ್ದಕ್ಕೂ ನನ್ನ ಮೇಲೆ ಸಿಡುಕುತ್ತಾ ಬಂದರು. ಈ ಹೆಂಗಸು ಒಂದು ದಿನ ಸೈಕಲ್ ಮುಟ್ಟುವುದಿಲ್ಲ ಎನ್ನುವುದಕ್ಕೆ ಇಷ್ಟೂ ಊರಿನ ನೆರಳು ಹೋಗಬೇಕೇ ಎಂದರು. ನನಗೂ ಹಾಗೇ ಅನಿಸುವುದರಲ್ಲಿತ್ತು. ಆದರೆ ನಾನು ಕರಪತ್ರ ಓದಿದವಳು. ನ್ಯಾಯ ಕೇಳಿದವರಿಗೆ ಉಪಾಯ ಕೊಟ್ಟು ಕಳಿಸುವವರನ್ನು ನಂಬಬೇಡಿ ಎಂದು ನೀವೇ ಬರೆದಿದ್ದೀರಿ. ಗುಲಾಬಕ್ಕ ಕೇಳಿದ್ದು ತನಗೊಂದು ರಿಯಾಯಿತಿಯನ್ನಲ್ಲ. ದಾರಿಯನ್ನು ಅತಿ ಹೆಚ್ಚು ದಿನ ಬಳಸಿದವಳು ದಾರಿಯ ಎಣಿಕೆಯಲ್ಲೇ ಇಲ್ಲ, ಅದನ್ನು ಸರಿಮಾಡಿ ಎಂದು ಕೇಳಿದರು. ಅದು ನನ್ನ ತಲೆಗೆ ಹೋದ ಮೇಲೆ ನನಗೆ ಬೇರೆ ದಾರಿ ಇರಲಿಲ್ಲ. ಕಾನೂನಿಗೆ ಒಂದು ಮಾತು ಸೇರಿಸಬೇಕು ಎಂದು ಸಭೆಯಲ್ಲಿ ಎದ್ದು ನಿಂತೆ. ನಡೆದು ಹೋದವರೂ ಎಣಿಕೆಗೆ ಸೇರಬೇಕು, ನಡೆಯುವವರ ಬೆನ್ನಿಗೆ ಯಾರೂ ಗಂಟೆ ಬಾರಿಸಬಾರದು, ಅವರಾಗಿ ಜಾಗ ಕೊಡುವ ತನಕ ಅವರ ಹೆಜ್ಜೆಗೇ ಹಿಂದೆ ಬರಬೇಕು.

ಅಂಥ ಸೇರ್ಪಡೆಗೆ ಏರಿಯ ಎಲ್ಲ ಊರುಗಳೂ ಒಪ್ಪಬೇಕು. ನಾನು ಊರೂರಿಗೆ ಸೈಕಲ್ ತುಳಿದೆ. ಎಲ್ಲ ಕಡೆಯೂ ಮೊದಲ ಮಾತಿಗೆ ಹೂಂ ಎಂದರು, ಮೂರನೆಯದಕ್ಕೆ ಮುಖ ತಿರುಗಿಸಿದರು. ಶಾಲೆಗೆ ಹೋಗುವ ಮಕ್ಕಳು ತಡವಾಗುತ್ತಾರೆ ಎಂದರು. ಹಾಲು ಒಡೆಯುತ್ತದೆ ಎಂದರು. ನನ್ನ ಚಿಕ್ಕಪ್ಪನ ಮಗ ಪುಟ್ಟಮಾದ ಈ ಏರಿಯ ಮೇಲೆ ಎಲ್ಲರಿಗಿಂತ ಜೋರಾಗಿ ಹೋಗುವವನು. ಅವನು ಛತ್ರದ ಜಗುಲಿಯಲ್ಲಿ ಎಲ್ಲರೆದುರು, ‘ಅಲ್ಲ ಕಣಮ್ಮಿ, ಅಷ್ಟಕ್ಕೇ ಯಾಕ್ ನಿಲ್ಲಿಸ್ದೆ? ಏರಿ ಮ್ಯಾಲೆ ನಮ್ಮ ಎಮ್ಮೆನೂ ದಿನಾ ನಡೀತದೆ. ಅದ್ಕೂ ಒಂದು ಎಣಿಕೆ ಹಾಕ್ಸು, ಸಭೆಗೂ ಸೇರುಸ್ಕೊ, ನಿನ್ಗಿಂತ ಕಮ್ಮಿ ಮಾತಾಡ್ತದೆ’ ಎಂದ. ಜನ ಬಿದ್ದು ಬಿದ್ದು ನಕ್ಕರು. ನಾನೂ ಉತ್ತರ ಕೊಟ್ಟೆ. ನೂರು ವರ್ಷದ ಹಿಂದೆ ಇದೇ ಏರಿಯ ಮೇಲೆ ಕಾರಿನವರು ಸೈಕಲ್ಲಿನವರ ಬೆನ್ನಿಗೆ ಹಾರನ್ ಹೊಡೆಯುತ್ತಿದ್ದರು, ಅವರೂ ತಡವಾಗುತ್ತದೆ ಎಂದೇ ಹೇಳುತ್ತಿದ್ದರು, ಆ ಕರಪತ್ರ ಅಟ್ಟದಲ್ಲಿದೆ, ಬೇಕಾದರೆ ಓದಿ ಹೇಳುತ್ತೇನೆ ಎಂದೆ. ಓದಿ ಹೇಳುವುದು ಬೇಡವೆಂದೇ ಮೂರು ಊರಿನವರು ಒಪ್ಪಿದರು ಎಂದು ಪುಟ್ಟಮಾದ ಈಗಲೂ ಹೇಳಿಕೊಂಡು ತಿರುಗುತ್ತಾನೆ.

ಒಪ್ಪಿದ ಕಾರಣಗಳು ಬೇರೆ ಬೇರೆ. ಒಂದು ಊರಿನಲ್ಲಿ ಬಸುರಿಯರು ಮುಂದೆ ಬಂದರು, ಏಳು ತಿಂಗಳಾದ ಮೇಲೆ ತಾವೂ ನಡೆಯುವವರೇ ಎಂದರು. ಇನ್ನೊಂದರಲ್ಲಿ ಒಬ್ಬ ಮುದುಕರು, ಮಂಡಿ ಹಿಡಿದು ಸೈಕಲ್ ಬಿಟ್ಟ ದಿನದಿಂದ ಏರಿಗೆ ಬರುವುದನ್ನೇ ಬಿಟ್ಟಿದ್ದೆ ಎಂದರು. ಕೊನೆಗೆ ಎಲ್ಲ ಊರುಗಳೂ ಕೈ ಎತ್ತಿದವು. ಆದರೆ ಬೋರಲಿಂಗಯ್ಯನವರು ಕಾನೂನಿನ ಇನ್ನೊಂದು ಸಾಲು ತೋರಿಸಿದರು. ಮೂಲ ಕರಪತ್ರಕ್ಕೆ ಸೇರಿಸಿದ ಯಾವ ಮಾತೂ ಒಂದು ವರ್ಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಪ್ರತಿ ವರ್ಷ ಮತ್ತೆ ಊರೂರಿಗೆ ಹೋಗಿ ಕೇಳಬೇಕು. ಆಸೆಬುರುಕರು ಕಾನೂನನ್ನು ತಿರುಚಬಾರದೆಂದು ಆ ಸಾಲನ್ನು ಬರೆದವರೂ ನೀವೇ.

ನಿನ್ನೆ ಎರಡನೇ ನೀರಿನ ಕೊನೆಯ ದಿನ, ಎಣಿಕೆಗೂ ಕೊನೆಯ ದಿನ. ಗುಲಾಬಕ್ಕ ಅಷ್ಟು ದಿನ ಯಾಕೆ ಕಾದರೆಂದರೆ, ಬುಟ್ಟಿ ತುಂಬುವಷ್ಟು ಮೀನು ಒಣಗಿರಲಿಲ್ಲ. ಅಷ್ಟು ದೂರ ಬರಿಗೈಯಲ್ಲಿ ನಡೆಯುವುದು ಅವರ ಲೆಕ್ಕದಲ್ಲಿ ದಂಡ. ಬೆಳಕು ಹರಿಯುವಾಗ ಅಣೆಯ ಕೆಳಗಿನ ಕಲ್ಲಿನಿಂದ ಹೊರಟರು ಎಂದು ಸುದ್ದಿ ಬಂತು. ಸಭೆಯ ಒಬ್ಬರು ಸಂಗಮದ ಕಲ್ಲಿನ ಹತ್ತಿರ ಸಾಕ್ಷಿಗೆ ಇರಬೇಕು. ನಾನು ಇದ್ದೆ. ಅವರು ಎಲ್ಲಾದರೂ ಕೂತುಬಿಟ್ಟರೆ, ಸಾಕೆಂದು ಹಿಂದಿರುಗಿದರೆ, ದಾರಿ ಸರ್ಕಾರದ ಪಾಲು. ಅವರ ಜೊತೆ ಹೋಗಲು ನಾನು ಕೇಳಿದ್ದೆ. ‘ನೀ ಬೇಡ, ದಾರಿಯುದ್ದ ಭಾಷಣ ಕೇಳುಕೆ ನಂಗೆ ಎಡಿಯ’ ಎಂದಿದ್ದರು.

ಮಧ್ಯಾಹ್ನದ ಮೊದಲು ಬಂದ ಸವಾರರು ನಡುದಾರಿಯ ಛತ್ರದಲ್ಲಿ ಅವರು ಮೀನು ಮಾರುತ್ತಿದ್ದಾರೆ ಎಂದರು. ಬಿಸಿಲುಮುಚ್ಚು ಕಳೆಯಿತು. ಆಮೇಲೆ ಬಹಳ ಹೊತ್ತು ಯಾರೂ ಬರಲಿಲ್ಲ. ಒಬ್ಬ ಸವಾರನೂ ಇಲ್ಲ. ಹಬ್ಬದಂತೆ ಜನ ಬರಬೇಕಾದ ದಿನ ಸಂಗಮದ ದಾರಿ ಬಣಗುಟ್ಟಿತು. ಏನೋ ಆಗಿದೆ ಎಂದು ಕಲ್ಲಿನ ಮೇಲೆ ಹತ್ತಿ ನಿಂತು ದಾರಿ ನೋಡಿದೆ. ಕೋಟೆಯ ಬಾಗಿಲು ಕಾಯುವ ಸಿದ್ದಾಜಮ್ಮ ಕೊನೆಗೆ ತಾವೇ ಈ ಕಡೆಗೆ ಬಂದು, ‘ಬತ್ತಾವ್ಳೆ ಕಣವ್ವಾ. ಹಿಂದ್ಗಡೆ ಎಲ್ಲಾ ಸಿಗಾಕ್ಕಂಡವ್ರೆ, ಮದ್ವೆ ದಿಬ್ಬಣ ಬಂದಂಗೆ. ಆಯಮ್ಮ ಜಾಗನೇ ಕೊಡ್ತಿಲ್ಲ’ ಎಂದರು.

ಹೌದು. ನದಿ ದಾಟಿದ ಮೇಲೆ ದಾರಿ ಅಗಲ, ಅಲ್ಲಿ ಜಾಗ ಕೊಡಬಹುದಿತ್ತು, ಗುಲಾಬಕ್ಕ ಕೊಡಲಿಲ್ಲ. ದಾರಿಯ ನಟ್ಟನಡುವೆ ನಡೆದು ಬಂದರು. ಅವರ ಹಿಂದೆ ನೂರಾರು ಸೈಕಲ್ಲುಗಳು. ಅವರ ಹೆಜ್ಜೆಯ ವೇಗಕ್ಕೆ ಸೈಕಲ್ ಮೇಲೆ ಕೂತಿರಲು ಆಗದೆ ಕೆಲವರು ಓಲಾಡುತ್ತಿದ್ದರು, ಹೆಚ್ಚಿನವರು ಇಳಿದು ತಳ್ಳುತ್ತಿದ್ದರು. ಬೋರಲಿಂಗಯ್ಯನವರ ಮುಖ ಬಾಡಿತ್ತು. ಪುಟ್ಟಮಾದ ಎಲ್ಲರಿಗಿಂತ ಮುಂದೆ, ಅವರ ಬೆನ್ನಿಗೇ ಇದ್ದ. ಅವನ ಹೆಬ್ಬೆರಳು ಗಂಟೆಯ ಮೇಲೇ ಇತ್ತು, ಆದರೆ ಒತ್ತಿರಲಿಲ್ಲ.

ಗುಲಾಬಕ್ಕ ಕಲ್ಲನ್ನು ದಾಟಿ, ಬುಟ್ಟಿ ಇಳಿಸಿ, ಮೆಟ್ಟಿಲ ಮೇಲೆ ಕೂತರು. ನಾನು ನೀರು ಕೊಟ್ಟೆ. ಎಣಿಕೆಯಾಯಿತು ಎಂದೆ. ಮೂವತ್ತು ವರ್ಷದಲ್ಲಿ ನಡುದಾರಿಯ ಛತ್ರ ದಾಟಿ ಅವರು ಈ ಕಡೆಗೆ ಬಂದೇ ಇರಲಿಲ್ಲ ಎಂದು ಆಗ ನನಗೆ ಹೊಳೆಯಿತು. ನದಿಯ ಎರಡು ಕವಲು ಸೇರುವುದನ್ನು ನೋಡುತ್ತ, ‘ಇದು ಎತ್ಲಾಗೆ ಹೋಪುದು?’ ಎಂದು ಕೇಳಿದರು. ಪೂರ್ವಕ್ಕೆ, ನಿಮ್ಮ ಕಡಲಿಗಲ್ಲ, ಆ ಕಡೆಯ ಕಡಲಿಗೆ ಎಂದೆ. ‘ಕಡಲೇ ಅಲ್ದಾ’ ಎಂದು ಕಾಲನ್ನು ನೀರಿಗೆ ಬಿಟ್ಟರು. ಹಿಮ್ಮಡಿ ಒಡೆದು ರಕ್ತ ಬಂದಿತ್ತು. ಮುಂದಿನ ವರ್ಷವೂ ಬರುತ್ತೀರಾ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅದನ್ನು ಅವರೇ ಅರ್ಥ ಮಾಡಿಕೊಂಡರು. ‘ಬತ್ತೆ. ಆದ್ರೆ ಮತ್ತೆ ಮನೆಮನೆಗೆ ಹೋಗಿ ಕೇಂಬುದು ನೀನು. ನಂಗೆ ನಡ್ದು ಸುಸ್ತಾತಿಲ್ಲೆ ಮಗಾ, ಕೇಣಿ ಕೇಣಿ ಸುಸ್ತಾತ್’ ಎಂದರು.

ಹಿಂದಿನವರೇ, ನನ್ನ ಬೇಡಿಕೆ ಇದು. ಕೇಳಿ ಕೇಳಿ ಸುಸ್ತಾಗುವುದನ್ನು ನೀವು ತಪ್ಪಿಸಬಹುದು. ನಿಮ್ಮಲ್ಲಿ ಒಬ್ಬರು ಈಗ, ಬಹುಶಃ ಇದೇ ವಾರ, ಆ ಕರಪತ್ರ ಬರೆಯುತ್ತಿದ್ದೀರಿ. ನೀವು ಸೈಕಲ್ಲಿನವರು ಎಂದು ನನಗೆ ಗೊತ್ತು, ಏಕೆಂದರೆ ನಿಮ್ಮ ಪ್ರತಿ ಸಾಲಿನಲ್ಲೂ ಬೆನ್ನ ಹಿಂದೆ ಬರುವ ಲಾರಿಯ ಹೆದರಿಕೆ ಇದೆ. ಆ ಹೆದರಿಕೆ ನಿಜ. ಆದರೆ ನಿಮ್ಮ ಮುಂದೆ ಒಬ್ಬರು ನಡೆಯುತ್ತಿದ್ದಾರೆ. ಅವರು ನಿಮ್ಮ ಹಾಳೆಯಲ್ಲಿ ಇಲ್ಲ. ನಾವು ಸೇರಿಸುವ ಮಾತಿಗೆ ಒಂದು ವರ್ಷದ ಆಯಸ್ಸು, ನೀವು ಬರೆಯುವುದಕ್ಕೆ ನೂರು ವರ್ಷ. ನಡೆಯುವವರನ್ನು ಮೊದಲ ಸಾಲಿನಲ್ಲೇ ಬರೆಯಿರಿ, ಸೈಕಲ್ಲಿನವರನ್ನು ಅವರ ಹಿಂದೆ.

ಇದನ್ನು ನನ್ನ ಮಾತಿನ ಮೇಲೆ ನಂಬಬೇಡಿ. ಒಂದು ಬೆಳಿಗ್ಗೆ ಸೈಕಲ್ಲನ್ನು ಮನೆಯಲ್ಲೇ ಬಿಟ್ಟು, ತಲೆಯ ಮೇಲೆ ಏನಾದರೂ ಭಾರ ಇಟ್ಟುಕೊಂಡು, ನಿಮ್ಮೂರಿನ ನಾಲೆಯ ಏರಿಯ ಮೇಲೆ ನಡೆದು ಹೋಗಿ. ಹಿಂದಿನಿಂದ ಗಂಟೆ ಕೇಳಿಸಿದಾಗ ನಿಮ್ಮ ಕಾಲು ತಾನಾಗಿ ಯಾವ ಕಡೆಗೆ ಸರಿಯುತ್ತದೆ, ನೋಡಿ. ಆಮೇಲೆ ಮನೆಗೆ ಬಂದು ಆ ವಾಕ್ಯ ಬರೆಯಿರಿ.

ನಿಮ್ಮ ನೆರಳಲ್ಲಿ ಬದುಕುತ್ತಿರುವ
ಹೊಂಬಾಳೆ
ಹೊಸತೂಬಿನ ಕೊಪ್ಪಲು